ಕೋಳಿಯ ರೆಕ್ಕೆ ಮತ್ತು ನೆರೆಯವರ ಸಸಿಮಡಿ

ಆಡು, ಕುರಿ, ಹಂದಿಗಳು ಪರರ ಬೆಳೆಗೆ ನುಗ್ಗಿದರೆ ಹಿಡಿದು ದೊಡ್ಡಿಗೆ ಅಟ್ಟುವ ಪದ್ಧತಿಯನ್ನು ಹಿರಿಯರೆಲ್ಲ ಬಲ್ಲರು. ಬ್ರಿಟಿಷರ ಕಾಲದ 1871ರ ಜಾನುವಾರು ಅತಿಕ್ರಮ ಪ್ರವೇಶ ಕಾಯಿದೆಯು ಆನೆ, ಒಂಟೆಗಳಿಂದ ಮೊದಲ್ಗೊಂಡು ಆಡಿನ ಮರಿಯವರೆಗೆ ಹೆಸರಿಸುತ್ತದೆ. ಕೋಳಿಯ ಹೆಸರು ಅದರಲ್ಲಿಲ್ಲ. ಆದ್ದರಿಂದಲೇ ಏನೋ, ನಮ್ಮ ಹಾಸನ ಸೀಮೆಯ ಕೋಳಿಯ ವ್ಯಾಜ್ಯಗಳು ಹಿತ್ತಲ ಬೇಲಿಯ ಆಚೆ ಈಚೆ ನಿಂತೇ ನಡೆಯುತ್ತವೆ, ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಲ್ಲುವಷ್ಟು ಬೆಳೆಯುತ್ತವೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಸಸಿಮಡಿ, ಹೊಳೆನರಸೀಪುರದ ಹೇಮಾವತಿ ಬಯಲಿನಲ್ಲಿ ಭತ್ತದ ಒಟ್ಲು, ಚನ್ನರಾಯಪಟ್ಟಣದ ಕಡೆ ಅಂಗಳದಲ್ಲಿ ಹರವಿದ ರಾಗಿ: ಎರಡು ಹೇಟೆಗಳು ಅರ್ಧ ಗಂಟೆ ಕೆದಕಿದರೆ ಒಂದು ಸಂಸಾರದ ಹಲವು ದಿನಗಳ ಶ್ರಮ ಮಣ್ಣುಪಾಲಾಗುತ್ತದೆ. ಬೇಲಿಯ ಭಾರ ಕೋಳಿ ಸಾಕುವವರದೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಚೆಗೆ ಹಿತ್ತಲಲ್ಲಿ ನಾಟಿ ಕೋಳಿ ಸಾಕತೊಡಗಿದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ, "ಮೇಷ್ಟ್ರೇ, ರೆಕ್ಕೆ ಕತ್ತರಿಸಿಬಿಡಲೇ?" ಎಂಬುದು. ಕತ್ತರಿಯನ್ನು ಕೊನೆಗೆ ಹಿಡಿಯಿರಿ ಎನ್ನುತ್ತೇನೆ.

ಕೋಳಿ ಸುಮ್ಮನೆ ಹಾರುವುದಿಲ್ಲ. ಕೆದಕಲು ತಿಪ್ಪೆಯಿಲ್ಲದೆ, ಮೇಯಲು ಹಸಿರಿಲ್ಲದೆ ಹಾರುತ್ತದೆ. ಮೊಟ್ಟೆಯಿಡಲು ಮರೆಯಾದ ಜಾಗವನ್ನು ಅರಸಿ ಹಾರುತ್ತದೆ. ಬಲವಾದ ಹುಂಜದ ಕಾಟಕ್ಕೆ ಹಾರುತ್ತದೆ. ಮುಸ್ಸಂಜೆಯಲ್ಲಿ ಎತ್ತರದ ಕೊಂಬೆ ಹುಡುಕಿಕೊಂಡು ಹಾರುತ್ತದೆ. ಗೂಡಿನೊಳಗೆ ಅಡ್ಡಗಳು ಕಟ್ಟಿ, ಮೂಲೆಯಲ್ಲಿ ಹುಲ್ಲು ಹಾಸಿದ ಮಂಕರಿಯಿಟ್ಟು, ಸಂಜೆಯ ಕಾಳನ್ನು ಗೂಡಿನ ಬಳಿಯೇ ಚೆಲ್ಲಿದರೆ ಹಾರಾಟ ಎಷ್ಟೋ ತಗ್ಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಕೋಳಿ ಸಾಮಾನ್ಯವಾಗಿ ಬೇಲಿಯನ್ನು ಒಂದೇ ಏಟಿಗೆ ದಾಟುವುದಿಲ್ಲ. ಮೊದಲು ಅದರ ನೆತ್ತಿಯ ಮೇಲೆ ಕುಳಿತು, ಆಮೇಲೆ ಆಚೆಗೆ ಧುಮುಕುತ್ತದೆ. ಆದ್ದರಿಂದ ಬಲೆಯ ಮೇಲಂಚಿಗೆ ಬಿದಿರಿನ ಗಳು ಕಟ್ಟಬೇಡಿ. ಕಾಲೂರಲು ಗಟ್ಟಿ ನೆಲೆಯಿಲ್ಲದ ಸಡಿಲ ಬಲೆಯನ್ನು ಅದು ನಂಬುವುದಿಲ್ಲ. ಸೌದೆಯ ಒಟ್ಟಿಲು, ಬಟ್ಟೆ ಒಗೆಯುವ ಕಲ್ಲುಗಳು ಬೇಲಿಗೆ ತಾಗಿಕೊಂಡಿದ್ದರೆ ನಾವೇ ಮೆಟ್ಟಿಲು ಕಟ್ಟಿಕೊಟ್ಟಂತೆ. ಕಾಲಿಗೆ ಹುರಿ ಕಟ್ಟಿ ಗೂಟಕ್ಕೆ ಬಿಗಿಯುವುದನ್ನಂತೂ ನಾನು ಒಪ್ಪಲಾರೆ. ನಾಯಿ ಬಂದರೆ ಆ ಬಡಜೀವಕ್ಕೆ ಓಡಲೂ ದಾರಿಯಿಲ್ಲ.

ಇಷ್ಟಾದರೂ ಹಾರುವ ಹಟಮಾರಿ ಹೇಟೆಗೆ ಮಾತ್ರ ಕತ್ತರಿ. ಅದೂ ಒಂದೇ ರೆಕ್ಕೆಗೆ. ಎರಡನ್ನೂ ಕತ್ತರಿಸಿದರೆ ಹಗುರ ಮೈಯ ಕೋಳಿ ಸಮತೋಲ ಉಳಿಸಿಕೊಂಡು ಅಷ್ಟಿಷ್ಟು ಹಾರಿಯೇ ಬಿಡುತ್ತದೆ. ಒಂದನ್ನು ಮೋಟು ಮಾಡಿದರೆ ಏಳುವಾಗಲೇ ಒಂದು ಕಡೆಗೆ ವಾಲುತ್ತದೆ. ರೆಕ್ಕೆಯ ತುದಿಯ ಹತ್ತು ಉದ್ದನೆಯ ಗರಿಗಳನ್ನು ಮಾತ್ರ ಕತ್ತರಿಸಬೇಕು. ಬಲಿತ ಗರಿಗೆ ನಮ್ಮ ಉಗುರಿನಂತೆ ನೋವಿಲ್ಲ. ಎಳೆಯ ಗರಿಯ ಬುಡದಲ್ಲಿ ರಕ್ತವಿರುತ್ತದೆ, ಅದನ್ನು ಮುಟ್ಟಬಾರದು.

ನನ್ನ ಅಳುಕು ಬೇರೆಡೆಯಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜ ತಳಿಯನ್ನು ಸಾಕಿದವರನ್ನು ಕೇಳಿ ನೋಡಿ. ಮೈಭಾರದ ಆ ಕೋಳಿ ಹೆಚ್ಚು ಹಾರದು, ನೆರೆಯವರ ದೂರೂ ಕಡಿಮೆ. ಆದರೆ ನಾಯಿ, ಕಾಡುಬೆಕ್ಕುಗಳಿಗೆ ಅದು ಸುಲಭದ ತುತ್ತು. ನಾಟಿ ಕೋಳಿ ಇಷ್ಟು ತಲೆಮಾರು ನಮ್ಮ ಹಿತ್ತಲುಗಳಲ್ಲಿ ಉಳಿದುಬಂದಿರುವುದರಲ್ಲಿ ಆ ಚೋಟುದ್ದದ ಹಾರಾಟದ ಪಾಲೂ ಇದೆ. ಅದನ್ನು ಕಸಿದುಕೊಂಡವರು ರಾತ್ರಿ ಭದ್ರವಾಗಿ ಮುಚ್ಚುವ ಬಾಗಿಲಿನ ಗೂಡನ್ನು ಕೊಡಲೇಬೇಕು. ಗೂಡು ಮೊದಲು ಸಿದ್ಧವಾಗಲಿ, ಕತ್ತರಿ ಆಮೇಲೆ ಹೊರಬರಲಿ.

ವರ್ಷಕ್ಕೊಮ್ಮೆ ಗರಿ ಉದುರಿ ಹೊಸತು ಬರುವಾಗ ಕತ್ತರಿಸಿದ್ದೆಲ್ಲ ಮತ್ತೆ ಬೆಳೆಯುತ್ತದೆ. ಆಗ ಮತ್ತೆ ಕತ್ತರಿಸುವ ಮುನ್ನ ಒಂದೆರಡು ವಾರ ಹಾಗೆಯೇ ಬಿಟ್ಟು ನೋಡಿ. ಗೂಡು ರೂಢಿಯಾದ ಹೇಟೆ ಹಲವೊಮ್ಮೆ ಬೇಲಿಯ ತಂಟೆಗೇ ಹೋಗುವುದಿಲ್ಲ.