ಹೊಸ ಫೋನೂ ಹಳೆಯ ದೇಶವೂ

ಉದ್ಯೋಗಾರ್ಥವಾಗಿ ಜರ್ಮನಿಗೆ ಹೋದ ನಮ್ಮವನು ಅಲ್ಲಿ ಹೊಸ ಸ್ಮಾರ್ಟ್‌ಫೋನನ್ನು ಕೊಂಡು, ಅದರಲ್ಲಿ ತನ್ನ ಭಾರತದ ಖಾತೆಯನ್ನೇ ತೆರೆಯುವನು. ಆಗ ಅಲ್ಲಿಯ ಬ್ಯಾಂಕಿನ ಆ್ಯಪು ಅವನ ದೇಶದಲ್ಲಿ ದೊರೆಯದೆಂಬ ಉತ್ತರವು ಬರುವುದುಂಟು. ದೋಷವು ಫೋನಿನದಲ್ಲ, ಖಾತೆಯಲ್ಲಿ ನಮೂದಾದ ದೇಶದ್ದು.

ಗೂಗಲ್ ಪ್ಲೇಯಲ್ಲಿ ಈ ದೇಶವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದು. ಅದಕ್ಕೂ ಆ ದೇಶದ ಕಾರ್ಡು ಮುಂತಾದ ಪಾವತಿಯ ಸಾಧನವು ಬೇಕು. ಆ್ಯಪಿನ ಮೂಲಕವೇ ಲೆಕ್ಕ ತೆರೆಯುವ ಬ್ಯಾಂಕಾದರೆ, ಕಾರ್ಡಿಲ್ಲದೆ ಆ್ಯಪಿಲ್ಲ, ಆ್ಯಪಿಲ್ಲದೆ ಕಾರ್ಡಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಇದಕ್ಕೆ ಬೇಸತ್ತು ಅಪರಿಚಿತ ತಾಣಗಳಿಂದ ಬ್ಯಾಂಕಿನ ಆ್ಯಪನ್ನು ಇಳಿಸಿಕೊಳ್ಳುವುದು ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಹಳೆಯ ಖಾತೆಯನ್ನಿಟ್ಟುಕೊಂಡೇ ಅಲ್ಲಿ ಎರಡನೆಯದನ್ನು ತೆರೆಯುವುದು ಕ್ಷೇಮಕರವು; ಆಂಡ್ರಾಯ್ಡ್ ಫೋನಿನಲ್ಲಿ ಎರಡೂ ಒಟ್ಟಿಗಿರಬಲ್ಲವು.

ಆದರೆ ಉಪಾಯವಿದೆಯೆಂದು ಅನ್ಯಾಯವು ನ್ಯಾಯವಾಗದು. ಗಿರಾಕಿಯ ವಾಸಸ್ಥಳವನ್ನು ನೋಡಿ ನಿಷ್ಕಾರಣವಾಗಿ ವ್ಯಾಪಾರವನ್ನು ನಿರಾಕರಿಸಕೂಡದೆಂಬ ನಿಯಮವನ್ನು ಯುರೋಪ್ ಒಕ್ಕೂಟವು 2018ರ ಡಿಸೆಂಬರ್ 3ರಿಂದ ತನ್ನ ದೇಶಗಳೊಳಗೆ ಜಾರಿಗೆ ತಂದಿತು. ಚಲನಚಿತ್ರಾದಿ ದೃಶ್ಯಸೇವೆಗಳನ್ನು ಅದರಿಂದ ಹೊರಗಿಟ್ಟಿತು. ಆ ತತ್ತ್ವವು ಒಕ್ಕೂಟದ ಗಡಿಯಲ್ಲಿ ನಿಲ್ಲತಕ್ಕದ್ದಲ್ಲ. ರಹದಾರಿಯನ್ನು ತೋರಿಸಿ ಗಡಿಯನ್ನು ದಾಟಿದವನ ಜೇಬಿನೊಳಗೆ ಕಂಪನಿಗಳು ಮತ್ತೊಂದು ಉಕ್ಕಡವನ್ನು ಏಕೆ ಇಡಬೇಕು?