ಬುರುಡೆಗಳಷ್ಟೇ ಬಿದಾಯುಹರಲ್ಲ

ಬೋರ್ನಿಯೋ ದ್ವೀಪದ ಸರವಾಕ್‌ನಲ್ಲಿ, ಕುಚಿಂಗ್ ನಗರದ ದಕ್ಷಿಣದ ಬೆಟ್ಟಸೀಮೆಯಲ್ಲಿ ನೆಲೆಸಿರುವ ಬಿದಾಯುಹ್ ಜನರನ್ನು ಅನೇಕ ಪ್ರವಾಸಬರಹಗಳು ‘ತಲೆ ಕಡಿಯುವವರು’ ಎಂದೇ ಪರಿಚಯಿಸುತ್ತವೆ. ಪ್ರಿಯ ವಿದ್ಯಾರ್ಥಿಗಳೇ, ಇದು ಅರ್ಧಸತ್ಯ, ಆದುದರಿಂದಲೇ ಅನ್ಯಾಯ. ಶತ್ರುಗಳ ಬುರುಡೆಗಳನ್ನು ತೂಗುಹಾಕುತ್ತಿದ್ದ ‘ಬಾರುಕ್’ ಎಂಬ ದುಂಡುಮನೆ ಊರಿನ ಸಭಾಮಂದಿರವೂ, ಅವಿವಾಹಿತ ತರುಣರ ತಂಗುಮನೆಯೂ ಆಗಿತ್ತು. 19ನೆಯ ಶತಮಾನದಲ್ಲಿ ಇಬಾನರ ದಾಳಿಗಳಿಗೆ ಸಿಕ್ಕಿ ತಲೆ ಕಳೆದುಕೊಂಡವರಲ್ಲಿ ಬಿದಾಯುಹರೂ ಇದ್ದರೆಂಬುದನ್ನು ಆ ಬರಹಗಳು ಏಕೆ ಮರೆಯುತ್ತವೆ?

ಬೆಟ್ಟದ ಇಳಿಜಾರಿನಲ್ಲಿ ಬತ್ತ ಬೆಳೆದು, ಆ ಬತ್ತಕ್ಕೂ ಆತ್ಮವುಂಟೆಂದು ನಂಬಿ, ಸುಗ್ಗಿಯ ಬಳಿಕ ‘ಗವಾಯ್’ ಆಚರಿಸಿದವರು ಇವರು. ಇಂದು ಬಹುಪಾಲು ಕ್ರೈಸ್ತರಾಗಿದ್ದರೂ ಜೂನ್ 1ರ ಆ ಹಬ್ಬವನ್ನು ಬಿಟ್ಟಿಲ್ಲ. ನಿಮ್ಮೆದುರು ಯಾರಾದರೂ ಬುರುಡೆಯ ಕಥೆಯನ್ನಷ್ಟೇ ಹೇಳಿದರೆ, ಬತ್ತದ ಕಥೆಯೇನಾಯಿತೆಂದು ತಪ್ಪದೆ ಕೇಳಿರಿ.