ಇಬ್ಬರ ಕಾಳಗ, ಮೂರನೆಯವನ ಹೊಣೆ

ಮೈಸೂರು ದಸರೆಯ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವ’ ಕೆಲಸ ನಡೆಯುತ್ತದೆ. ಪೈಲ್ವಾನರ ತೂಕ, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಸಾಟಿ ಎಂದು ಬಲ್ಲವರು ತೀರ್ಮಾನಿಸುತ್ತಾರೆ. ಜೋಡಿ ತಪ್ಪಿದರೆ ಕುಸ್ತಿ ಕೆಟ್ಟಂತೆಯೇ. ಗೆದ್ದವನಿಗೆ ಹೆಮ್ಮೆಯಿಲ್ಲ, ಸೋತವನಿಗೆ ಪಾಠವಿಲ್ಲ, ನೋಡುವವನಿಗೆ ಸೊಗಸಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ನಡೆಯುವ ಇಬ್ಬರ ಕಾಳಗಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಅಲ್ಲಿ ಜೋಡಿ ಕಟ್ಟುವವನು ಮೀಸೆ ತಿರುವುವ ಉಸ್ತಾದನಲ್ಲ. ಒಂದು ಪುಟ್ಟ ತಂತ್ರಾಂಶ ಮತ್ತು ಅದರ ನಿಯಮಗಳನ್ನು ಬರೆದಿಟ್ಟ ಒಂದು ಕಡತ.

ಇಂಥ ಕಾಳಗಗಳಿಗೆ ದೊಡ್ಡ ಹೆಸರು ತಂದದ್ದು 1996ರಲ್ಲಿ ಹೊರಬಂದ ‘ಕ್ವೇಕ್’ ಎಂಬ ಆಟ. ಮರುವರ್ಷ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಪಂದ್ಯಾವಳಿಯಲ್ಲಿ ಡೆನಿಸ್ ಫಾಂಗ್ ಎಂಬ ತರುಣ ಎಲ್ಲರನ್ನೂ ಸೋಲಿಸಿದ. ಆ ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ಜಾನ್ ಕಾರ್ಮ್ಯಾಕ್ ತಮ್ಮ ಕೆಂಪು ಫೆರಾರಿ ಕಾರನ್ನೇ ಅವನಿಗೆ ಬಹುಮಾನವಾಗಿ ಕೊಟ್ಟರು. ಜಗತ್ತು ಕಾರನ್ನು ನೋಡಿತು, ಗೆದ್ದವನನ್ನು ನೋಡಿತು. ಪಂದ್ಯಕ್ಕೆ ನಿಯಮ ಹಾಕಿದವರನ್ನು ಯಾರೂ ನೋಡಲಿಲ್ಲ. ಅವರ ಕೆಲಸವೇ ಅಂಥದು.

ಇಂಟರ್‌ನೆಟ್ ಆಟದಲ್ಲಿ ಎಲ್ಲ ಆಟಗಾರರನ್ನೂ ಒಂದೆಡೆ ಕೂಡಿಸಿ ಆಟ ನಡೆಸಿಕೊಡುವ ಕಂಪ್ಯೂಟರೇ ಸರ್ವರ್. ಅದರ ಮೂಲ ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ಉಪಾಂಗವೇ ಪ್ಲಗ್-ಇನ್. 2012ರಲ್ಲಿ ಬಂದ ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ ಆಟವನ್ನೇ ನೋಡಿ. ಅದರ ಮುಖ್ಯ ಸ್ಪರ್ಧೆ ಐವರ ಎದುರು ಐವರದು. ಒಬ್ಬನೆದುರು ಒಬ್ಬ ಸೆಣಸಬೇಕು ಎನ್ನುವವರು ಸರ್ವರಿನಲ್ಲಿ ‘ಸೋರ್ಸ್‌ಮಾಡ್’ ಎಂಬ ಬುನಾದಿ ಹಾಕಿ, ಅದರ ಮೇಲೆ ‘ಮಲ್ಟಿ 1ವಿ1’ ಎಂಬ ಪ್ಲಗ್-ಇನ್ ಕೂರಿಸುತ್ತಿದ್ದರು. ಅದು ಅಂಗಳವನ್ನು ಹಲವು ಅಖಾಡಗಳಾಗಿ ವಿಂಗಡಿಸಿ ಒಂದೊಂದರಲ್ಲಿ ಇಬ್ಬಿಬ್ಬರನ್ನು ಬಿಡುತ್ತಿತ್ತು. ಸುತ್ತು ಮುಗಿದಾಗ ಗೆದ್ದವನು ಒಂದು ಅಖಾಡ ಮೇಲಕ್ಕೆ, ಸೋತವನು ಒಂದು ಅಖಾಡ ಕೆಳಕ್ಕೆ. ಹತ್ತಾರು ಸುತ್ತು ಕಳೆಯುವಷ್ಟರಲ್ಲಿ ಬಲಶಾಲಿಗಳು ಮೇಲೆ, ಕಲಿಯುವವರು ಕೆಳಗೆ. ಸಮಬಲರಿಗೆ ಸಮಬಲರೇ ಎದುರಾಗುತ್ತಾರೆ.

ಇಷ್ಟಾದರೆ ನ್ಯಾಯ ಸಿಕ್ಕಿತೇ? ಇಲ್ಲ. ಸುತ್ತು ಎಷ್ಟು ಸೆಕೆಂಡಿನದು? ರೈಫಲ್ಲೋ, ಪಿಸ್ತೂಲೋ, ದೂರದಿಂದ ಹೊಡೆಯುವ ಬಂದೂಕೋ? ಇಬ್ಬರ ಆಯ್ಕೆ ಬೇರೆಯಾದರೆ ಯಾರ ಮಾತು ನಡೆಯಬೇಕು? ಸಮಯ ಮುಗಿದರೂ ಇಬ್ಬರೂ ಉಳಿದಿದ್ದರೆ ಮೇಲಕ್ಕೆ ಹೋಗುವವರು ಯಾರು? ಆಟಗಾರರ ಸಂಖ್ಯೆ ಬೆಸವಾದರೆ ಕಾಯುವವನು ಯಾರು? ಇವೆಲ್ಲಕ್ಕೂ ಮೊದಲೇ ಉತ್ತರವಿರಬೇಕು. ಸುತ್ತಿನ ಅವಧಿಯೊಂದನ್ನೇ ತೆಗೆದುಕೊಳ್ಳಿ. ಅದನ್ನು ತೀರ ಹಿಗ್ಗಿಸಿದರೆ ಮೂಲೆಯಲ್ಲಿ ಅವಿತು ಕೂರುವವನಿಗೆ ಲಾಭ. ತೀರ ಕುಗ್ಗಿಸಿದರೆ ಯೋಚಿಸಿ ಆಡುವವನಿಗೆ ನಷ್ಟ. ನೋಡಲು ಒಂದು ಅಂಕಿ, ಆದರೆ ಅದು ಯಾವ ಗುಣಕ್ಕೆ ಬೆಲೆ ಎಂಬ ತೀರ್ಪೂ ಹೌದು.

ಆಟಗಾರರ ಬಲವನ್ನು ಅಳೆಯಲು ಚದುರಂಗದಿಂದ ಎರವಲು ತಂದ ಲೆಕ್ಕವೊಂದಿದೆ. ಹಂಗರಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ರೂಪಿಸಿದ ಪದ್ಧತಿ ಅದು. ವಿಶ್ವ ಚದುರಂಗ ಸಂಸ್ಥೆ ಅದನ್ನು ಒಪ್ಪಿಕೊಂಡದ್ದು 1970ರಲ್ಲಿ. ಒಬ್ಬನಿಗೆ 1,900, ಇನ್ನೊಬ್ಬನಿಗೆ 1,500 ಅಂಕವಿದ್ದರೆ 11 ಪಂದ್ಯಗಳಲ್ಲಿ 10ನ್ನು ಮೊದಲನೆಯವನು ಗೆಲ್ಲುತ್ತಾನೆಂಬುದು ಅದರ ನಿರೀಕ್ಷೆ. ಒಂದು ಪಂದ್ಯಕ್ಕೆ ಗರಿಷ್ಠ ಬದಲಾವಣೆ 32 ಎಂದಿಟ್ಟುಕೊಂಡರೆ, ಬಲಶಾಲಿ ಗೆದ್ದಾಗ ಸಿಗುವುದು ಸುಮಾರು 3 ಅಂಕ. ದುರ್ಬಲ ಗೆದ್ದರೆ ಸುಮಾರು 29. ಎಳೆಯರನ್ನು ಬಡಿದು ಹೆಸರು ಮಾಡುವ ದಾರಿಯನ್ನು ಈ ಲೆಕ್ಕ ಬಹುಮಟ್ಟಿಗೆ ಮುಚ್ಚುತ್ತದೆ.

ಯಾವ ಕಡತಕ್ಕೂ ಪೂರ್ತಿ ಮಣಿಯದ ಸಂಗತಿ ಒಂದುಂಟು. ಅದು ದೂರ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ದಾರಿಯೇ 3,000 ಕಿ.ಮೀ.ಗೂ ಹೆಚ್ಚು. ಹೋಗಿ ಬರಲು ಕನಿಷ್ಠ 30 ಮಿಲಿಸೆಕೆಂಡು ಬೇಕೇ ಬೇಕು. ಸುತ್ತುದಾರಿಯ ಕೇಬಲ್ಲಿನಲ್ಲಿ ಇನ್ನೂ ಹೆಚ್ಚು. ಸರ್ವರ್ ಸಿಂಗಪುರದಲ್ಲಿದ್ದರೆ ಅಲ್ಲಿಯ ಹುಡುಗ ಬೆಂಗಳೂರಿನ ಹುಡುಗನಿಗಿಂತ ಮೊದಲೇ ಒಂದು ಹೆಜ್ಜೆ ಮುಂದೆ. ಇದನ್ನು ಸರಿದೂಗಿಸಲು ಸರ್ವರ್, ಗುಂಡು ಹಾರಿಸಿದವನ ಕಣ್ಣಿಗೆ ಆ ಕ್ಷಣದಲ್ಲಿ ಕಂಡದ್ದೇನು ಎಂದು ಕಾಲವನ್ನು ಕೊಂಚ ಹಿಂದಕ್ಕೆ ತಿರುಗಿಸಿ ನೋಡುತ್ತದೆ. ಆದರೆ ಅವನಿಗೆ ಸಿಕ್ಕ ನ್ಯಾಯ ಎದುರಾಳಿಗೆ ಅನ್ಯಾಯವೆನಿಸಬಹುದು: ಗೋಡೆಯ ಮರೆಗೆ ಸೇರಿದ ಮೇಲೂ ಅವನಿಗೆ ಗುಂಡು ತಗಲುತ್ತದೆ! ಹೀಗಾಗಿ ಇಬ್ಬರಿಗೂ ಸಮದೂರವಿರುವ ಸರ್ವರನ್ನು ಆರಿಸುವುದೇ ಮೊದಲ ನಿಯಮ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸರ್ವರ್ ನಡೆಸುವವನ ಅಧಿಕಾರ. ಅವನ ಬಳಿ ಗುಪ್ತಪದವಿದೆ. ಪಂದ್ಯದ ನಡುವೆ ನಿಯಮ ಬದಲಿಸಬಲ್ಲ, ಬೇಡವಾದವನನ್ನು ಹೊರಗಟ್ಟಬಲ್ಲ, ಗೆಳೆಯನಿಗೆ ಅನುಕೂಲ ಮಾಡಿಕೊಡಬಲ್ಲ. ಹಾಗೆ ಮಾಡಿದರೂ ಸೋತವನಿಗೆ ಗೊತ್ತಾಗದೇ ಹೋಗಬಹುದು. ಇದಕ್ಕಿರುವ ಮದ್ದು ಹಳೆಯದೇ: ನಿಯಮಗಳನ್ನು ಆಟಕ್ಕೆ ಮೊದಲೇ ಎಲ್ಲರಿಗೂ ಓದಲು ಕೊಡುವುದು, ಆಟ ಶುರುವಾದ ಮೇಲೆ ಅವನ್ನು ಮುಟ್ಟದಿರುವುದು, ಗುಪ್ತಪದ ಹಿಡಿದವನು ಆ ಪಂದ್ಯದಲ್ಲಿ ತಾನೇ ಆಡದಿರುವುದು.

2023ರ ಸೆಪ್ಟೆಂಬರಿನಲ್ಲಿ ಆ ಆಟದ ಜಾಗಕ್ಕೆ ‘ಕೌಂಟರ್-ಸ್ಟ್ರೈಕ್ 2’ ಬಂತು. ಹಳೆಯ ಪ್ಲಗ್-ಇನ್‌ಗಳು ಅದರಲ್ಲಿ ನಡೆಯಲಿಲ್ಲ. ಆಸಕ್ತರು ಹೊಸ ಬುನಾದಿ ಹಾಕಿ ಅಖಾಡಗಳನ್ನು ಮತ್ತೆ ಕಟ್ಟಬೇಕಾಯಿತು. ತಂತ್ರಾಂಶ ಹಳತಾಗುತ್ತದೆ, ಕಡತದ ಹೆಸರೂ ಬದಲಾಗುತ್ತದೆ. ಮೇಲಿನ ಪ್ರಶ್ನೆಗಳು ಮಾತ್ರ ಹೊಸ ಕಡತದಲ್ಲೂ ಹಾಗೆಯೇ ಕಾದು ಕೂತಿರುತ್ತವೆ. ಅವಕ್ಕೆ ಸರಿಯಾದ ಉತ್ತರ ಬರೆದಿಟ್ಟ ಕಡೆ ಹೊಸಬ ಸೋತರೂ ಮರುದಿನ ಮತ್ತೆ ಬರುತ್ತಾನೆ. ಬರೆಯದ ಕಡೆ ಎರಡು ದಿನ ಏಟು ತಿಂದು ಮೂರನೆಯ ದಿನ ಕಂಪ್ಯೂಟರ್ ಆರಿಸಿ ಎದ್ದು ಹೋಗುತ್ತಾನೆ. ಆಮೇಲೆ ಅಖಾಡದಲ್ಲಿ ಉಳಿಯುವುದು ಗೆಲ್ಲುವವರು ಮಾತ್ರ. ಸೋಲುವವರೇ ಇಲ್ಲದ ಮೇಲೆ ಗೆಲ್ಲುವುದು ಯಾರನ್ನು?